ದಿನದ ವಾಕಿಂಗ್‌ನಲ್ಲೇ ಹಕ್ಕಿ, ಅಣಬೆ, ಹುಳು-ಹುಪ್ಪಟೆ ನೋಡುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಹಕ್ಕಿ ನೋಡಬೇಕೆಂದರೆ ರಂಗನತಿಟ್ಟಿಗೆ ಹೋಗಬೇಕು, ಅಣಬೆ ನೋಡಬೇಕೆಂದರೆ ಆಗುಂಬೆಯೇ ಆಗಬೇಕು ಎಂದುಕೊಂಡವರು ಬಹಳ. ಹೋದರೆ ತಪ್ಪೇನಿಲ್ಲ, ನಾನೂ ಹೋಗುತ್ತೇನೆ. ಆದರೆ ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ನೂರು ಜಾತಿ ಎಣಿಸಿ ಬಂದವರಿಗಿಂತ, ಮನೆ ಪಕ್ಕದ ಒಂದೇ ದಾರಿಯಲ್ಲಿ ದಿನಾ ನಡೆದು ಮೂವತ್ತು ಜಾತಿಯನ್ನು ಬಲ್ಲವರಿಗೆ ಹೆಚ್ಚು ಗೊತ್ತಿರುತ್ತದೆ. ಒಂದು ಸಲ ಕಂಡ ಹಕ್ಕಿಯ ಹೆಸರನ್ನು ಯಾರು ಬೇಕಾದರೂ ಹೇಳಿಯಾರು. ಅದು ಯಾವ ವಾರ ಬಂತು, ಯಾವ ಮರದ ಹಣ್ಣು ತಿಂತು, ಎಲ್ಲಿ ಗೂಡು ಕಟ್ಟಿತು, ಮರಿ ಬದುಕಿತೇ ಎಂಬುದೆಲ್ಲ ದಿನಾ ನೋಡಿದವರಿಗೆ ಮಾತ್ರ ಗೊತ್ತು.

ಇಲ್ಲಿಯ ಉದಾಹರಣೆಗಳಲ್ಲಿ ಹೆಚ್ಚಿನವು ಮೈಸೂರಿನವು, ನನ್ನ ನಡಿಗೆ ಇಲ್ಲಿಯದಾದ್ದರಿಂದ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇರುವವರು ಮರದ ಹೆಸರು, ಮಳೆಯ ತಿಂಗಳು ಬದಲಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಅದೇ.

ಮೊದಲು ದಾರಿ ಗೊತ್ತುಮಾಡಿ

ಒಂದು ಕಿಲೋಮೀಟರ್ ಸಾಕು. ಅದಕ್ಕಿಂತ ಉದ್ದವಾದರೆ ನಡಿಗೆ ವ್ಯಾಯಾಮವಾಗಿಬಿಡುತ್ತದೆ, ನೋಡುವುದು ಹಿಂದೆ ಬೀಳುತ್ತದೆ. ಆ ದಾರಿಯಲ್ಲಿ ಒಂದಾದರೂ ಹಳೆಯ ಮರ ಇರಲಿ. ಆಲ, ಅರಳಿ, ಅತ್ತಿ, ಗೋಣಿ ಯಾವುದಾದರೂ ಸಿಕ್ಕರೆ ಅದೃಷ್ಟ. ಸ್ವಲ್ಪ ನೀರಿರಲಿ, ಕೆರೆಯೇ ಆಗಬೇಕಿಲ್ಲ, ಮೋರಿಯೂ ನಡೆಯುತ್ತದೆ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಇಳಿದು ಬರುವ ಬೂದು ಸಿಪಿಲೆ ನಮ್ಮ ಮೋರಿಯಂಚಿನಲ್ಲೇ ಬಾಲ ಕುಣಿಸುತ್ತಾ ಓಡಾಡುತ್ತದೆ, ಅದಕ್ಕೆ ನಮ್ಮ ಮಡಿ-ಮೈಲಿಗೆ ಇಲ್ಲ. ಇನ್ನು ಬೇಕಾದದ್ದು ಒಂದು ಖಾಲಿ ಸೈಟು. ಯಾರೂ ಮನೆ ಕಟ್ಟದೆ, ಎಕ್ಕ, ಲಂಟಾನ, ಪಾರ್ಥೇನಿಯಂ ಬೆಳೆದು ಬಿದ್ದಿರುವಂಥದ್ದು. ಅಚ್ಚುಕಟ್ಟಾಗಿ ಹುಲ್ಲು ಕತ್ತರಿಸಿದ ಪಾರ್ಕಿಗಿಂತ ಇಂಥ ಸೈಟಿನಲ್ಲಿ ಹತ್ತು ಪಾಲು ಜೀವ ಇರುತ್ತದೆ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದ್ದೇ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯದ ನೀರಿಗೆಂದು ಕಟ್ಟಿಸಿದ ಕೆರೆ ಇಂದು ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳ ಬೀಡು. ಹಾಗಿದ್ದೂ ನಾನು ಹೊಸಬರಿಗೆ ಹೇಳುವುದು ನಿಮ್ಮ ಮನೆಯ ರಸ್ತೆಯಿಂದಲೇ ಶುರುಮಾಡಿ ಎಂದು. ಕೆರೆಯಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಜಾತಿ ಕಂಡರೆ ಯಾವುದನ್ನೂ ಸರಿಯಾಗಿ ನೋಡುವುದಿಲ್ಲ.

ಹೊತ್ತು ಮತ್ತು ಸಾಮಾನು

ಹಕ್ಕಿಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೆಯದು. ಚಿಟ್ಟೆಗೆ ಬಿಸಿಲು ಬೇಕು, ಒಂಬತ್ತರ ಮೇಲೆ. ಅಣಬೆಗೆ ಹೊತ್ತಿನ ಹಂಗಿಲ್ಲ, ಮಳೆ ಬಂದು ಎರಡು ಮೂರು ದಿನ ಆಗಿರಬೇಕು ಅಷ್ಟೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಕಾಂಪೌಂಡ್ ಗೋಡೆ ನೋಡುವುದು ಬೇರೆಯೇ ಲೋಕ: ಹಲ್ಲಿ, ಜೇಡ, ಪತಂಗ, ಮಳೆಗಾಲದಲ್ಲಿ ಕಪ್ಪೆ.

ಬೈನಾಕ್ಯುಲರ್ ಕೊಳ್ಳುವ ಮುನ್ನ ಒಂದು ತಿಂಗಳು ಬರಿಗಣ್ಣಲ್ಲಿ ನೋಡಿ. ಆಸಕ್ತಿ ಉಳಿದರೆ 8x42 ಅಥವಾ 8x32 ಎಂದು ಬರೆದಿರುವುದನ್ನು ಕೊಳ್ಳಿ. 8 ಎಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರುತ್ತದೆ ಎಂಬುದು. 42 ಎಂದರೆ ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರ್‌ಗಳಲ್ಲಿ. ಗಾಜು ದೊಡ್ಡದಿದ್ದಷ್ಟೂ ಮುಂಜಾನೆಯ ಮಸುಕಲ್ಲಿ ಚೆನ್ನಾಗಿ ಕಾಣುತ್ತದೆ, ತೂಕವೂ ಹೆಚ್ಚು. 12, 20 ಪಟ್ಟು ಎಂದು ಜಾಹೀರಾತು ಮಾಡುವವು ಕೈಯಲ್ಲಿ ನಡುಗುತ್ತವೆ, ಹತ್ತಿರಕ್ಕೂ ಹೋಗಬೇಡಿ. ಹತ್ತು ಪಟ್ಟಿನ ಸಣ್ಣ ಭೂತಗನ್ನಡಿಯೊಂದು ಜೇಬಲ್ಲಿರಲಿ. ಅಣಬೆ, ಕಲ್ಲುಹೂವು, ಇರುವೆ ನೋಡುವುದಕ್ಕೆ ಅದೇ ನಿಜವಾದ ಆಸ್ತಿ. ಒಂದು ಚಿಕ್ಕ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ನು ಮಳೆಗೆ ಕಲೆಸಿಹೋಗುತ್ತದೆ.

ಊರೊಳಗೆ ಬೈನಾಕ್ಯುಲರ್ ಹಿಡಿಯುವಾಗ ಒಂದು ಎಚ್ಚರ. ಮರದ ಹಿಂದೆ ಯಾರದೋ ಮನೆಯ ಕಿಟಕಿ ಇದ್ದರೆ ಜಾಗ ಬದಲಿಸಿ. "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಎಂದು ವಾಚ್‌ಮನ್ನು, "ಯಾರ್ ಮನೆ ಬೇಕಾಗಿತ್ತು?" ಎಂದು ಗೇಟಿನ ಹಿಂದಿನ ಅಜ್ಜಿ ಕೇಳಿಯೇ ಕೇಳುತ್ತಾರೆ. ಕೇಳಿದವರಿಗೆ ಬೈನಾಕ್ಯುಲರ್ ಕೊಟ್ಟು ತೋರಿಸಿಬಿಡಿ. ಮಾರನೆಯ ವಾರ ಅವರೇ ಕರೆದು "ಅಲ್ ನೋಡಿ, ಮಾವಿನ ಮರದಾಗೆ ಏನೋ ಗೂಡ್ ಕಟ್ಟದೆ" ಎನ್ನುತ್ತಾರೆ. ಬೀದಿಯ ಅರ್ಧ ಸುದ್ದಿ ನನಗೆ ಬರುವುದು ಹೀಗೇ.

ನಡೆಯುವುದಕ್ಕಿಂತ ನಿಲ್ಲುವುದನ್ನು ಕಲಿಯಿರಿ

ದಾರಿಯಲ್ಲಿ ಮೂರು ನಿಲ್ದಾಣ ಗೊತ್ತುಮಾಡಿಕೊಳ್ಳಿ: ಹಳೆಯ ಮರದ ಕೆಳಗೊಂದು, ನೀರಿನ ಬಳಿ ಒಂದು, ಖಾಲಿ ಸೈಟಿನ ಮುಂದೊಂದು. ಪ್ರತಿ ಕಡೆ ಐದು ನಿಮಿಷ ಅಲ್ಲಾಡದೆ ನಿಲ್ಲಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ನೀವು ಬಂದಿದ್ದಕ್ಕೆ ಬೆಚ್ಚಿ ಅಡಗಿದ್ದವೆಲ್ಲ ಮೂರನೆಯ ನಿಮಿಷಕ್ಕೆ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಪೊದೆಯ ಬುಡದಲ್ಲಿ ಹರಟೆಮಲ್ಲಗಳು ಎಲೆ ಮಗುಚತೊಡಗುತ್ತವೆ, ಗೋಡೆಯ ಮೇಲೆ ಓತಿಕ್ಯಾತ ತಲೆ ಎತ್ತುತ್ತದೆ.

ನಿಂತಾಗ ಮೊದಲು ಕಿವಿಗೆ ಕೆಲಸ ಕೊಡಿ. ನಮ್ಮ ಬೀದಿಗಳಲ್ಲಿ ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವ ಹಕ್ಕಿಗಳೇ ಹೆಚ್ಚು. ಐದು ದನಿ ಗಟ್ಟಿ ಮಾಡಿಕೊಂಡರೆ ಬುನಾದಿ ಬಿದ್ದ ಹಾಗೆ. ಒಂದೇ ತಾಳದಲ್ಲಿ ಬಿಡದೆ "ಟುಕ್ ಟುಕ್ ಟುಕ್" ಎನ್ನುವುದು ಕಂಚುಗಾರ ಹಕ್ಕಿ; ಎಲೆಯಿಲ್ಲದ ತುದಿ ಕೊಂಬೆಯಲ್ಲಿ ಹುಡುಕಿ, ಹಸಿರು ಮೈ, ಕೆಂಪು ಹಣೆ. "ಕುಟ್ರೂ ಕುಟ್ರೂ ಕುಟ್ರೂ" ಎಂದು ಮರವೇ ಕೂಗಿದಂತೆ ಕೇಳಿಸಿದರೆ ಕುಟ್ರು ಹಕ್ಕಿ. ಬೆರಳಷ್ಟು ಹಕ್ಕಿ ಬೀದಿಗೆಲ್ಲ ಕೇಳುವ ಹಾಗೆ "ಟುವ್ವಿ ಟುವ್ವಿ" ಎಂದರೆ ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ. ಗವಿಯೊಳಗಿಂದ ಬಂದಂಥ "ಊಪ್ ಊಪ್ ಊಪ್" ಕೆಂಬೂತದ್ದು. ಇನ್ನು ಫೆಬ್ರವರಿ ಕಳೆದ ಮೇಲೆ, ಹಾಲಿನವನು ಬರುವುದಕ್ಕೂ ಮುಂಚೆ ಟಿವಿ ಕೇಬಲ್ಲಿನ ಮೇಲೆ ಕೂತು ಸಿಳ್ಳೆಯ ಆಲಾಪ ಮಾಡುವುದು ಗಂಡು ಮಡಿವಾಳ. ಕೋಗಿಲೆಯ ದನಿ ಎಲ್ಲರಿಗೂ ಗೊತ್ತು, ಆದರೆ ಕುಹೂ ಎನ್ನುವುದು ಕಪ್ಪು ಬಣ್ಣದ ಗಂಡು, ಹೆಣ್ಣಿಗೆ ಕಂದು ಮೈ ಮೇಲೆ ಬಿಳಿ ಚುಕ್ಕೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ, 2021ರಿಂದ ಆ ಸೌಲಭ್ಯವಿದೆ. ಒಳ್ಳೆಯದೇ, ಆದರೆ ಅದು ಹೇಳಿದ ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆಯೇ ಬರೆದುಕೊಳ್ಳಿ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವ ಎಲೆಹಕ್ಕಿ, ಕಾಜಾಣಗಳಂಥವು ಮೊಬೈಲನ್ನೂ ಮೋಸಗೊಳಿಸುತ್ತವೆ.

ಹೆಸರು ಕೊನೆಗೆ ಬರಲಿ

ಹೊಸಬರು ಹಕ್ಕಿ ಕಂಡ ತಕ್ಷಣ "ಇದು ಯಾವುದು?" ಎಂದು ಪುಸ್ತಕ ತೆಗೆಯುತ್ತಾರೆ. ತಲೆ ಎತ್ತುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಹಕ್ಕಿ ಇರುವವರೆಗೂ ಹಕ್ಕಿಯನ್ನೇ ನೋಡಿ, ಪುಸ್ತಕ ಆಮೇಲೂ ಇರುತ್ತದೆ.

ಗಾತ್ರಕ್ಕೆ ನಾಲ್ಕು ಅಳತೆಗೋಲು: ಗುಬ್ಬಿ, ಗೊರವಂಕ, ಕಾಗೆ, ಹದ್ದು. ಕಂಡದ್ದು ಯಾವುದಕ್ಕಿಂತ ದೊಡ್ಡದು, ಯಾವುದಕ್ಕಿಂತ ಚಿಕ್ಕದು? ಆಮೇಲೆ ಕೊಕ್ಕು ನೋಡಿ. ಗಿಡ್ಡ ದಪ್ಪ ಕೊಕ್ಕಿದ್ದರೆ ಕಾಳು ಒಡೆಯುವುದು, ಸೂಜಿಯಂತಿದ್ದರೆ ಹುಳ ಹೆಕ್ಕುವುದು, ಬಾಗಿ ಉದ್ದವಿದ್ದರೆ ಮಕರಂದ ಹೀರುವ ಸೂರಕ್ಕಿ ಇರಬಹುದು. ಎಲ್ಲಿ ಕೂತಿದೆ, ನೆಲದಲ್ಲೋ ತಂತಿಯಲ್ಲೋ ಎಲೆಗಳ ಒಳಗೋ? ನಡೆಯುತ್ತದೋ ಕುಪ್ಪಳಿಸುತ್ತದೋ? ಬಣ್ಣ ಎಲ್ಲದಕ್ಕೂ ಕೊನೆಗೆ, ಬೆಳಗಿನ ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ.

ಶುರುವಿಗೆ ನಿಮಗೆ ಗೊತ್ತೇ ಇದೆ ಎಂದುಕೊಂಡ ಹಕ್ಕಿಗಳನ್ನೇ ತೆಗೆದುಕೊಳ್ಳಿ. ಕಾಗೆಯಲ್ಲಿ ಎರಡಿವೆ: ಬೂದು ಕತ್ತಿನ ಊರುಕಾಗೆ, ಇಡೀ ಕಪ್ಪಗಿರುವ ದಪ್ಪ ಕೊಕ್ಕಿನ ಕಾಡುಕಾಗೆ. ಗೊರವಂಕದಲ್ಲೂ ಹಾಗೆಯೇ. ಕಣ್ಣಿನ ಸುತ್ತ ಹಳದಿ ಚರ್ಮವಿದ್ದರೆ ಸಾಮಾನ್ಯ ಗೊರವಂಕ. ಹಳದಿ ಇಲ್ಲದೆ ಹಣೆಯ ಮೇಲೆ ಪುಟ್ಟ ಕುಚ್ಚು ಇದ್ದರೆ ಕಾಡು ಗೊರವಂಕ. ಪಿಕಳಾರದಲ್ಲಿ ಜುಟ್ಟು ನೆಟ್ಟಗಿದ್ದು ಕೆನ್ನೆಯಲ್ಲಿ ಕೆಂಪಿದ್ದರೆ ಕೆಮ್ಮೀಸೆ ಪಿಕಳಾರ, ತಲೆ ಕಪ್ಪಗಿದ್ದು ಬಾಲದ ಬುಡ ಮಾತ್ರ ಕೆಂಪಿದ್ದರೆ ಇನ್ನೊಂದು. ಕೆರೆಯಲ್ಲಿ ಬಿಳಿ ಕೊಕ್ಕರೆಗಳ ಗೊಂದಲ ಎಲ್ಲರಿಗೂ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಹಸುಗಳ ಹಿಂದೆ ಓಡಾಡುವ ಹಳದಿ ಕೊಕ್ಕಿನದು ಗೋವಕ್ಕಿ, ಮರಿ ಮಾಡುವ ಕಾಲಕ್ಕೆ ಅದರ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಸರಿನ ಬಣ್ಣದಲ್ಲಿ ಕದಲದೆ ಕೂತಿದ್ದು, ಹಾರಿದೊಡನೆ ಅಚ್ಚ ಬಿಳಿ ರೆಕ್ಕೆ ಬಿಚ್ಚುವುದು ಕೊಳದ ಬಕ.

ಒಂದು ಮರವನ್ನು ಹಿಡಿದುಕೊಳ್ಳಿ

ನಿಮ್ಮ ದಾರಿಯಲ್ಲಿ ಅತ್ತಿ ಮರವಿದ್ದರೆ ಬೇರೆಲ್ಲ ಬಿಟ್ಟು ಅದನ್ನೇ ನೋಡಿದರೂ ವರ್ಷ ಸಾಲದು. ಕಾಯಿ ಬಿಡುವುದು ಕಾಂಡದ ಮೇಲೆಯೇ, ಗೊಂಚಲು ಗೊಂಚಲು. ಅದು ಹಣ್ಣಾದ ವಾರ ಬೆಳಿಗ್ಗೆ ಕುಟ್ರು, ಕೋಗಿಲೆ, ಪಿಕಳಾರ, ಅಳಿಲು. ಕತ್ತಲಾದ ಮೇಲೆ ಬಾವಲಿ. ಕೆಳಗೆ ಬಿದ್ದದ್ದಕ್ಕೆ ಇರುವೆ, ಹುಳಿ ಬಂದ ರಸಕ್ಕೆ ಚಿಟ್ಟೆ. ಒಂದು ಕಾಯಿಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ಭೂತಗನ್ನಡಿಯಲ್ಲಿ ನೋಡಿ. ಒಳಗಿರುವ ನೂರಾರು ಎಳೆಗಳೇ ಹೂಗಳು. ನಡುವೆ ಓಡಾಡುವ ಎಳ್ಳಿಗಿಂತ ಚಿಕ್ಕ ಕಣಜಗಳು ಆ ಹೂಗಳಿಗೆ ಪರಾಗ ತಂದವು, ಇಲ್ಲವೇ ಅಲ್ಲೇ ಹುಟ್ಟಿದವು. ಅತ್ತಿಗೊಂದು, ಆಲಕ್ಕೊಂದು, ಅರಳಿಗೊಂದು ಎಂದು ಬಹುಮಟ್ಟಿಗೆ ಒಂದೊಂದು ಜಾತಿಯ ಮರಕ್ಕೂ ತನ್ನದೇ ಕಣಜವಿದೆ, ಅದು ಇಲ್ಲದೆ ಮರಕ್ಕೆ ಬೀಜವಿಲ್ಲ. "ಅತ್ತಿಯ ಹಣ್ಣು ಬಿಡಿಸಿದರೆ ಬರೀ ಹುಳ" ಎಂದು ಮೂಗು ಮುರಿಯುವುದು ಈ ವ್ಯವಹಾರ ನೋಡಿಯೇ.

ಅತ್ತಿ ಇಲ್ಲದವರು ಹೂವಿನ ಮರ ಹಿಡಿಯಿರಿ. ಜನವರಿಯಿಂದ ಮಾರ್ಚ್‌ವರೆಗೆ ಬೂರುಗ, ಮುತ್ತುಗ, ಹಾಲುವಾಣ ಎಲೆ ಉದುರಿಸಿ ಕೆಂಪಗೆ ಅರಳುತ್ತವೆ. ಎಲೆಯ ಅಡ್ಡಿ ಇಲ್ಲದ್ದರಿಂದ ಹಕ್ಕಿಗಳು ಚೆನ್ನಾಗಿ ಕಾಣುತ್ತವೆ. ಹೊಸಬರು ಶುರುಮಾಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಅಣಬೆ: ಬಗ್ಗಿ ನೋಡುವ ವಿದ್ಯೆ

ಮೈಸೂರಿನ ಕಡೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್ ಮಳೆ ಅಣಬೆಯ ಕಾಲ. ಮಲೆನಾಡು, ಕರಾವಳಿಯಲ್ಲಿ ಜೂನ್, ಜುಲೈ. ನಮಗೆ ಕಾಣುವ ಕೊಡೆ ಶಿಲೀಂಧ್ರದ ಹಣ್ಣು ಮಾತ್ರ. ನಿಜವಾದ ಜೀವಿ ಮಣ್ಣಿನಲ್ಲೋ ಮರದೊಳಗೋ ಬಿಳಿ ಎಳೆಗಳ ಜಾಲವಾಗಿ ವರ್ಷವೆಲ್ಲ ಇರುತ್ತದೆ. ಹಾಗಾಗಿ ಒಮ್ಮೆ ಅಣಬೆ ಕಂಡ ಜಾಗ ಗುರುತಿಟ್ಟುಕೊಂಡರೆ ಮುಂದಿನ ಮಳೆಗೂ ಅಲ್ಲೇ ಕಾಣುವ ಸಂಭವ ಹೆಚ್ಚು.

ಮಳೆ ಇಲ್ಲದ ದಿನವೂ ಸಿಗುವ ಅಣಬೆಯಿಂದ ಶುರುಮಾಡೋಣ. ಒಣಗಿದ ಮಾವಿನ ಕೊಂಬೆ, ಬಿದ್ದ ಬೇಲಿಗೂಟ, ಸೌದೆ ರಾಶಿ ನೋಡಿ. ಬೂದುಬಿಳಿ ಬಣ್ಣದ, ತೊಟ್ಟಿಲ್ಲದ, ಬೆರಳುಗುರಿನಷ್ಟಗಲದ ಬೀಸಣಿಗೆಗಳು ಸಾಲಾಗಿ ಅಂಟಿಕೊಂಡಿರುತ್ತವೆ, ಮೇಲ್ಮೈ ತುಂಬಾ ನವಿರು ರೋಮ. ಇದರ ಹೆಸರು ಸ್ಕಿಜೋಫಿಲಂ ಕಮ್ಯೂನ್, ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಒಂದನ್ನು ತಿರುವಿ ಭೂತಗನ್ನಡಿ ಹಿಡಿಯಿರಿ. ಕೆಳಗಿನ ಪದರಗಳು ಪ್ರತಿಯೊಂದೂ ಉದ್ದಕ್ಕೆ ಸೀಳಿಕೊಂಡಿವೆ. ಬಿಸಿಲಿಗೆ ಆ ಸೀಳಿನ ಎರಡೂ ಅಂಚು ಒಳಕ್ಕೆ ಸುರುಳಿಯಾಗಿ ಬೀಜಕ (ಶಿಲೀಂಧ್ರದ ಬೀಜದಂಥ ಪುಡಿ) ಹುಟ್ಟುವ ಭಾಗವನ್ನು ಮುಚ್ಚಿಕೊಳ್ಳುತ್ತವೆ. ಒಣಗಿದ ತುಂಡೊಂದರ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿ ನಿಮ್ಮ ಸುತ್ತು ಮುಗಿಸಿ ಬನ್ನಿ, ಸುರುಳಿ ಬಿಚ್ಚತೊಡಗಿರುತ್ತದೆ. ನಮಗೆ ಗಂಡು ಹೆಣ್ಣು ಎಂಬ ಎರಡೇ ಬಗೆ. ಇದಕ್ಕೆ ಕೂಡಿಕೆಯ ಬಗೆಗಳು 20,000ಕ್ಕೂ ಮೇಲೆ.

ಹುತ್ತದ ಅಣಬೆಯ ಕಥೆ ಇನ್ನೂ ಸೊಗಸು. ಗುಡುಗು ಬಂದರೆ ಅಣಬೆ ಏಳುತ್ತದೆ ಎಂದು ಹಳ್ಳಿಯಲ್ಲಿ ಹೇಳುವುದು ಇದನ್ನೇ ನೋಡಿ. ಗೆದ್ದಲುಗಳು ಜಗಿದ ಸೊಪ್ಪು, ಕಟ್ಟಿಗೆಯಿಂದ ನೆಲದೊಳಗೆ ಸ್ಪಂಜಿನಂಥ ಗಡ್ಡೆ ಕಟ್ಟಿ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ, ಅದನ್ನು ತಿಂದು ಬದುಕುತ್ತವೆ. ಮಳೆ ಬಿದ್ದಾಗ ಆ ಬೆಳೆಯೇ ಕೊಡೆಯಾಗಿ ಮೇಲೇಳುವುದು. ಕಿತ್ತರೆ ಬೇರಿನಂಥ ಉದ್ದ ಬಾಲ ನೆಲದಾಳಕ್ಕೆ ಇಳಿದಿರುತ್ತದೆ. ಕೊಡೆಯ ನಡುವೆ ಚೂಪು ಮೊನೆಯೂ ಇರುತ್ತದೆ, ಗಟ್ಟಿ ನೆಲ ಸೀಳಿ ಬರಬೇಕಲ್ಲ. ಇದೇ ಕುಲದಲ್ಲಿ ಉಗುರಿನಷ್ಟೇ ಅಗಲದವು ನೂರಾರು ಒಟ್ಟಿಗೆ ನೆಲ ಬಿಳಿಯಾಗುವಂತೆ ಏಳುವುದೂ ಉಂಟು.

ಇನ್ನು ಕೆಲವನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಹೂಕುಂಡದ ತೆಂಗಿನ ನಾರಿನಲ್ಲಿ ಕಾಣುವ, ಒಳಗೆ ಪುಟ್ಟ ಮೊಟ್ಟೆಗಳಿರುವ ಹಕ್ಕಿಗೂಡಿನಂಥ ಅಣಬೆಯ ಬಟ್ಟಲಿಗೆ ಮಳೆಹನಿ ಬಿದ್ದ ರಭಸಕ್ಕೆ ಆ ಮೊಟ್ಟೆಗಳು ಚಿಮ್ಮುತ್ತವೆ. ಸತ್ತ ಮರದ ಮೇಲೆ ಕಿತ್ತಳೆಗೆಂಪು ಅಲಗಿನಂತೆ ಕಾಣುವುದು ಪಿಕ್ನೋಪೋರಸ್. ಕೊಳೆತ ಮಾಂಸದ ನಾತ ಬಂದರೆ ಸುತ್ತ ಹುಡುಕಿ, ಬಿಳಿ ಜಾಲರಿ ತೊಟ್ಟ ಅಣಬೆ ಇರಬಹುದು. ಆ ನಾತಕ್ಕೆ ಬರುವ ನೊಣಗಳೇ ಅದರ ಬೀಜಕ ಹರಡುವುದು. ಅಡುಗೆಮನೆಯ ಮಸಾಲೆ ಡಬ್ಬಿಯ ಕಲ್ಲುಹೂವು ಕೂಡ ಈ ಬಳಗದ್ದೇ, ಶಿಲೀಂಧ್ರವೂ ಪಾಚಿಯೂ ಒಂದಾಗಿ ಬದುಕುವ ಜೀವಿ. ಅದರ ಬಂಧುಗಳು ಬೀದಿಮರದ ತೊಗಟೆಯ ಮೇಲೆ ಬೂದುಹಸಿರು ಮಚ್ಚೆಗಳಾಗಿರುತ್ತವೆ. ಹೊಗೆ ಹೆಚ್ಚಿರುವ ಸರ್ಕಲ್ಲಿನ ಮರವನ್ನೂ ಒಳಬೀದಿಯ ಮರವನ್ನೂ ಹೋಲಿಸಿ ನೋಡಿ.

ಅಣಬೆ ಗುರುತಿಸಲು ಮೇಲಿನಿಂದ ಒಂದು ಫೋಟೋ ಸಾಲದು. ಮೇಲ್ಮೈ, ಪಕ್ಕದಿಂದ ಕಾಂಡ, ಕೆಳಗಿನ ಪದರ, ಬುಡ ನಾಲ್ಕೂ ಬೇಕು. ಯಾವುದರ ಮೇಲೆ ಬೆಳೆದಿದೆ ಎಂಬುದೂ ಬೇಕು: ಮಣ್ಣೋ, ಸಗಣಿಯೋ, ಮರವೋ, ಮರವಾದರೆ ಯಾವ ಮರ. ನಂತರ ಬೀಜಕದ ಅಚ್ಚು ತೆಗೆಯಿರಿ. ಬಲಿತ ಕೊಡೆಯ ಕಾಂಡ ಕತ್ತರಿಸಿ, ಪದರ ಕೆಳಗಾಗುವಂತೆ ಕಾಗದದ ಮೇಲೆ ಇಡಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ, ಇಲ್ಲವಾದರೆ ಬಿಳಿ ಬೀಜಕ ಬಿಳಿ ಕಾಗದದ ಮೇಲೆ ಕಾಣುವುದಿಲ್ಲ. ಗಾಳಿಯಾಡದಂತೆ ಲೋಟ ಬೋರಲು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಲೋಟ ಎತ್ತಿದರೆ ಕೊಡೆಯ ಕಡ್ಡಿಗಳಂತೆ ಗೆರೆ ಗೆರೆಯಾಗಿ ಪುಡಿ ಉದುರಿರುತ್ತದೆ. ಬಣ್ಣ ಬಿಳಿ, ನಸುಗೆಂಪು, ಕಂದು, ಕಪ್ಪು ಏನಾದರೂ ಇರಬಹುದು. ಹುಲ್ಲುಹಾಸಿನಲ್ಲಿ ಮಳೆಗಾಲಕ್ಕೆ ಏಳುವ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಹೊಪ್ಪಳೆ, ಅಚ್ಚು ಹಸಿರು ಬಂತೆಂದರೆ ಅದು ಕ್ಲೋರೋಫಿಲಂ. ನೋಡಲು ತಿನ್ನುವಂಥದ್ದೇ, ತಿಂದರೆ ವಾಂತಿ-ಭೇದಿ ಗ್ಯಾರಂಟಿ.

ತಿನ್ನುವ ಮಾತು ಬಂದದ್ದರಿಂದ ಖಡಾಖಂಡಿತವಾಗಿ ಹೇಳುತ್ತೇನೆ: ಈ ಮಾರ್ಗದರ್ಶಿ ಓದಿ ಯಾರೂ ಅಣಬೆ ತಿನ್ನಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಹುಳು ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಮಾರಕ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ಲಕ್ಷಣ ಕಾಣುವುದು ಎಷ್ಟೋ ಗಂಟೆ ಕಳೆದ ಮೇಲೆ. ಯಾರಾದರೂ ತಿಂದು ಕಾಯಿಲೆ ಬಿದ್ದರೆ ಉಳಿದ ಅಣಬೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಮುಟ್ಟುವುದರಿಂದ ಅಪಾಯವಿಲ್ಲ, ಕೈ ತೊಳೆದುಕೊಂಡರೆ ಸಾಕು.

ಕರಿಬೇವು, ಎಕ್ಕ, ಚಗಳಿ

ಚಿಟ್ಟೆಯನ್ನು ಹಿಂಬಾಲಿಸಿ ಓಡಬೇಡಿ, ಅದು ಮೊಟ್ಟೆ ಇಡುವ ಗಿಡದ ಬಳಿ ಕಾಯಿರಿ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಕಂದು-ಬಿಳಿ ಕಲೆ ಕಂಡರೆ ಒರೆಸಿ ಹಾಕುವ ಮುಂಚೆ ಭೂತಗನ್ನಡಿ ಹಿಡಿಯಿರಿ. ಎಷ್ಟೋ ಸಲ ಅದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಕಂಬಳಿಹುಳು. ತಿನ್ನಲು ಬಂದವರಿಗೆ ಹೇಸಿಗೆ ಹುಟ್ಟಿಸುವ ವೇಷ ಅದು. ನಾಲ್ಕು ಸಲ ಪೊರೆ ಕಳಚಿದ ಮೇಲೆ ಎಲೆಯಷ್ಟೇ ಹಸಿರಾಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಚಾಚಿ ಘಾಟು ಬಿಡುತ್ತದೆ. ಒಂದೇ ಸಲ ಮುಟ್ಟಿ, ಪಾಪ. ಮನೆಯಲ್ಲಿ "ಕರಿಬೇವೆಲ್ಲ ಹುಳ ತಿಂತು" ಎಂದು ಗದ್ದಲವಾದರೆ ಒಂದು ಕೊಂಬೆ ಅದಕ್ಕೆ ಬಿಟ್ಟುಕೊಡಿ ಎಂದು ರಾಜಿ ಮಾಡಿಕೊಳ್ಳಬಹುದು.

ಖಾಲಿ ಸೈಟಿನ ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ರಾಜಾರೋಷವಾಗಿ ಎಲೆ ಮೇಯುತ್ತಿದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕದ ವಿಷ ಮೈಗೂಡಿರುವುದರಿಂದ ಅಡಗುವ ಅಗತ್ಯ ಅದಕ್ಕಿಲ್ಲ. ಮಾವು, ಹೊಂಗೆಯ ಎಲೆ ಸೇರಿಸಿ ಹೊಲಿದ ಗೂಡು ಚಗಳಿ ಇರುವೆಯದು. ಹೊಲಿಯಲು ನೂಲು ಬರುವುದು ಮರಿಹುಳುಗಳಿಂದ; ಕೆಲಸಗಾರ ಇರುವೆಗಳು ಮರಿಯನ್ನು ಬಾಯಲ್ಲಿ ಹಿಡಿದು ಎಲೆಯಿಂದ ಎಲೆಗೆ ಆಡಿಸುತ್ತವೆ. ಸಾಲಿನ ಪಕ್ಕ ಒಂಟಿಯಾಗಿ ಓಡಾಡುವ ಚಗಳಿ ಕಂಡರೆ ಕಾಲು ಎಣಿಸಿ. ಎಂಟಿದ್ದರೆ ಚಗಳಿಯ ವೇಷದ ಜೇಡ. ಬೆರಳು ಹತ್ತಿರ ತಂದರೆ ನೂಲು ಬಿಟ್ಟು ಇಳಿದುಬಿಡುತ್ತದೆ, ಇರುವೆ ಹಾಗೆ ಮಾಡುವುದಿಲ್ಲ.

ಬರೆದಿಡುವುದು

ದಿನಾಂಕ, ಹೊತ್ತು, ಜಾಗ, ಹವೆ, ಕಂಡದ್ದು, ಅದು ಮಾಡುತ್ತಿದ್ದದ್ದು. "ಪಿಕಳಾರ 2" ಎಂದು ಬರೆದರೆ ಆರು ತಿಂಗಳಿಗೆ ಅದು ಬರೀ ಅಂಕಿ. "ಪಿಕಳಾರ 2, ಬಾಯಲ್ಲಿ ನಾರು, ದಾಸವಾಳದ ಗಿಡಕ್ಕೆ ಹೋದವು" ಎಂದರೆ ಎರಡು ವಾರದಲ್ಲಿ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. ಗೊತ್ತಾಗದ್ದನ್ನೂ ಬರೆಯಿರಿ, ಸೊಟ್ಟಗಿದ್ದರೂ ಚಿತ್ರ ಬಿಡಿಸಿ.

ಕಂಡದ್ದನ್ನು ದಾಖಲಿಸಲು ಜಾಲತಾಣಗಳೂ ಇವೆ: ಹಕ್ಕಿಗೆ ಇಬರ್ಡ್, ಉಳಿದೆಲ್ಲಕ್ಕೂ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಇಬರ್ಡ್‌ನಲ್ಲಿ ಹದಿನೈದು ನಿಮಿಷದ್ದಾದರೂ ಪಟ್ಟಿ ಹಾಕಿ, ಕಾಗೆ, ಪಾರಿವಾಳ ಬಿಡದೆ ಕಂಡದ್ದೆಲ್ಲ ಸೇರಿಸಿ. ಅಪರೂಪದ್ದನ್ನು ಮಾತ್ರ ಹಾಕಿದರೆ ಸಾಮಾನ್ಯ ಹಕ್ಕಿ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಅಳೆದದ್ದು ಹೀಗೆ ಹವ್ಯಾಸಿಗಳು ಹಾಕಿದ ಪಟ್ಟಿಗಳಿಂದಲೇ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಊರೂರು ಸುತ್ತಬೇಕಾಯಿತು. ಈಗ ಆ ಕೆಲಸದ ಒಂದು ಎಳೆಯನ್ನು ನಿಮ್ಮ ಬೀದಿಯಿಂದಲೇ ಮುಂದುವರಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ, ಮೊದಲ ಪಟ್ಟಿ ಹಾಕಲು ಒಳ್ಳೆಯ ನೆಪ.

ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ, ಅಣಬೆಯಲ್ಲಂತೂ ಖಂಡಿತ ಬೇಡ. "ಶಿಲೀಂಧ್ರ" ಎಂದಷ್ಟೇ ಹಾಕಿ ಬಿಟ್ಟರೂ ಬಲ್ಲವರು ಯಾರೋ ಒಂದು ದಿನ ನೋಡಿ ತಿದ್ದುತ್ತಾರೆ.

ಯಾವಾಗ ಏನು

ಮೇ ಕೊನೆಗೆ ರೋಹಿಣಿ ಮಳೆ ಹಿಡಿದರೆ ಕೊಳಚೆ ನೀರಲ್ಲಿ ಗಂಡು ಗೂಳಿಗಪ್ಪೆಗಳು ನಿಂಬೆಹಳದಿ ಬಣ್ಣಕ್ಕೆ ತಿರುಗಿ ವಟಗುಟ್ಟುತ್ತವೆ. ಓತಿಕ್ಯಾತಗಳ ಕತ್ತು ಕೆಂಪೇರಿ ದಂಡ ಹೊಡೆಯುವ ಕಾಲವೂ ಅದೇ. ಮೃಗಶಿರ, ಆರಿದ್ರಾ ಮಳೆಯಲ್ಲಿ ಗೀಜಗ ಗೂಡು ನೇಯುತ್ತದೆ, ಕಾಗೆಯ ಗೂಡಿನಿಂದ ಕೋಗಿಲೆ ಮರಿಯ ಕಿರುಚಾಟ ಕೇಳುತ್ತದೆ. ಸೆಪ್ಟೆಂಬರ್‌ನಲ್ಲಿ ಮೋರಿಗೆ ಸಿಪಿಲೆ, ಮಳೆಮರದ ನೆತ್ತಿಗೆ "ಚಿಸ್ವೀ" ಎನ್ನುವ ಗ್ರೀನಿಶ್ ವಾರ್ಬ್ಲರ್ ಬಂದಿಳಿಯುತ್ತವೆ. ಆ ದನಿ ಒಮ್ಮೆ ತಿಳಿದರೆ ಏಪ್ರಿಲ್‌ವರೆಗೆ ದಿನಾ ಕೇಳುತ್ತದೆ. ಅಕ್ಟೋಬರ್‌ನಲ್ಲಿ ಮೈದಾನದ ಮೇಲೆ ಗುಂಪಾಗಿ ತೇಲುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳಿಗೆ ಸ್ವಲ್ಪ ಗೌರವ ಕೊಡಿ, ಆ ಜಾತಿ ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುವಂಥದ್ದು. ಡಿಸೆಂಬರ್, ಜನವರಿ ಕೆರೆಯ ತಿಂಗಳು.

ಮಾಡಬಾರದ್ದು, ಮಾಡಬೇಕಾದ್ದು

ಗೂಡಿನ ಬಳಿ ನಿಲ್ಲಬೇಡಿ. ನೀವು ನಿಂತದ್ದನ್ನು ನೋಡಿ ಕಾಗೆ, ಬೆಕ್ಕು ಬರುತ್ತವೆ. ಗೂಡಿನ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಹಕ್ಕಿಯನ್ನು ಕರೆಸಲು ಮೊಬೈಲಿನಲ್ಲಿ ಅದರ ದನಿ ಹಾಕುವುದನ್ನು, ಅದರಲ್ಲೂ ಮರಿ ಮಾಡುವ ಕಾಲದಲ್ಲಿ, ಪೂರಾ ಬಿಡಿ. ಗಿಳಿಮರಿ ಸಿಕ್ಕಿತು ಎಂದು ಸಾಕಲು ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕೊಳೆತ ಮರದ ತುಂಡು ಮಗುಚಿ ನೋಡಿದರೆ ಇದ್ದ ಹಾಗೇ ಹಿಂದಕ್ಕಿಡಿ. ಮಗುಚುವಾಗ ಕೈ ಹಾಕದೆ ಕೋಲು ಬಳಸಿ, ಕೊಳಕುಮಂಡಲ ಇರುವುದೂ ಅಂಥ ಕಡೆಯೇ. ಯಾವ ಹಾವಾದರೂ ಎರಡು ಮಾರು ದೂರ, ಅದು ಕೇರೆಯೇ ಎಂದು ನಿಮಗೆ ಖಾತ್ರಿ ಇದ್ದರೂ.

ಏಪ್ರಿಲ್‌ನಿಂದ ಜುಲೈವರೆಗೆ ಹೆಚ್ಚಾಗಿ ಎದುರಾಗುವುದು ನೆಲದಲ್ಲಿ ಕೂತ ಮರಿಹಕ್ಕಿ. ಮೈತುಂಬ ಪುಕ್ಕವಿದ್ದು ಬಾಲ ಮಾತ್ರ ಮೋಟಾಗಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ತಾಯಿ ತಂದೆ ಹತ್ತಿರದಲ್ಲೇ ಹುಳ ಹಿಡಿದು ಕಾಯುತ್ತಿರುತ್ತವೆ. ಎತ್ತಿ ಹತ್ತಿರದ ಪೊದೆಯ ಕೊಂಬೆಗೆ ಕೂರಿಸಿ, ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಎಂಬುದು ಬರೀ ಮಾತು. ಪುಕ್ಕವಿಲ್ಲದ ಬೋಳು ಮರಿಯಾದರೆ ಗೂಡಿಗೆ ವಾಪಸು ಇಡಿ. ರೆಕ್ಕೆ ಮುರಿದಿದ್ದರೆ ರಟ್ಟಿನ ಡಬ್ಬಿಗೆ ತೂತು ಮಾಡಿ, ಬಟ್ಟೆ ಹಾಸಿ ಕತ್ತಲಲ್ಲಿಟ್ಟು, ಬಾಯಿಗೆ ನೀರು ಸುರಿಯದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.